ಮಲೆನಾಡಿನ ಮಳೆಯಲ್ಲಿ ಒಂದು ಪುಟ್ಟ ಪ್ರಿಂಟರ್

ಮೊದಲೇ ಹೇಳಿಬಿಡುತ್ತೇನೆ: ಇಂಕ್ ಟ್ಯಾಂಕ್ ಇರುವ ಪ್ರಿಂಟರ್ ತಗೊಳ್ಳಿ. ಆದರೆ ವಾರಕ್ಕೆ ಒಂದೆರಡು ಹಾಳೆಯಾದರೂ ಪ್ರಿಂಟ್ ಮಾಡುವ ಕೆಲಸ ಮನೆಯಲ್ಲಿ ಇದ್ದರೆ ಮಾತ್ರ ತಗೊಳ್ಳಿ. ಸುಮ್ನೆ ಇರಲಿ ಅಂತ ತಂದು ಮೂಲೆಯಲ್ಲಿ ಇಡುವುದಾದರೆ ಬೇಡ. ಮನೆಯ ಇಂಕ್‌ಜೆಟ್ ಪ್ರಿಂಟರ್, ಅಂದರೆ ಇಂಕಿನ ಹನಿ ಚಿಮ್ಮಿಸಿ ಪ್ರಿಂಟ್ ಮಾಡುವ ಇಂಥದ್ದು, ದುಡಿದು ಕೆಡುವುದಕ್ಕಿಂತ ಕೆಲಸವಿಲ್ಲದೆ ಕೆಡುವುದೇ ಜಾಸ್ತಿ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆ ಬಿಟ್ಟು ಸ್ವಲ್ಪ ಒಳಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಪುಸ್ತಕ ಯಾವುದೂ ಪೂರ್ತಿ ಒಣಗಿರುವುದಿಲ್ಲ. ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳುವ ಹಾಗಿಲ್ಲ. ಪ್ರಿಂಟರ್ ಮಾತಿನಲ್ಲಿ ಮಳೆ ಯಾಕೆ ಬಂತು ಅಂದರೆ, ತಗೊಳ್ಳುವ ಮೊದಲು ನಾನು ಓದಿದ ವಿಮರ್ಶೆಗಳಲ್ಲಿ ಮಳೆಯೂ ಇರಲಿಲ್ಲ, ಕರೆಂಟ್ ಹೋಗುವ ಊರೂ ಇರಲಿಲ್ಲ. ಒಂದು ನಿಮಿಷಕ್ಕೆ ಎಷ್ಟು ಪುಟ ಅನ್ನುವ ಲೆಕ್ಕವೇ ಎಲ್ಲ ಕಡೆ. ನಮ್ಮಂಥವರಿಗೆ ಅದು ಬೇಕಾದ ಲೆಕ್ಕವೇ ಅಲ್ಲ.

ನಾವು ತಂದಿದ್ದು ಬಾಟಲಿಯಿಂದ ಇಂಕ್ ಸುರಿದು ತುಂಬಿಸುವ ನಾಲ್ಕು ಟ್ಯಾಂಕ್ ಇರುವ, ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಮಾಡುವ ಸಣ್ಣ ಮಾದರಿ. ಟ್ಯಾಂಕ್ ಪ್ರಿಂಟರ್‌ಗಳನ್ನು ಎಪ್ಸನ್, ಕ್ಯಾನನ್, ಎಚ್‌ಪಿ, ಬ್ರದರ್ ನಾಲ್ಕೂ ಕಂಪನಿಗಳು ಮಾರುತ್ತವೆ. ನಾನು ಹೇಳುವುದರಲ್ಲಿ ಬಹುಪಾಲು ಯಾವುದಕ್ಕಾದರೂ ಹೊಂದುತ್ತದೆ, ಹಾಗಾಗಿ ನಮ್ಮದು ಯಾವುದು ಅನ್ನುವುದು ಮುಖ್ಯ ಅಲ್ಲ. ವೈಫೈ ಇರುವ ಮಾದರಿಗಳು ಹನ್ನೆರಡರಿಂದ ಹದಿನೈದು ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಕಾರ್ಟ್ರಿಜ್, ಅಂದರೆ ಇಂಕ್ ತುಂಬಿದ ಪುಟ್ಟ ಡಬ್ಬಿ, ಹಾಕುವ ಪ್ರಿಂಟರ್ ಅದರ ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತದೆ, ನಿಜ. ಆದರೆ ಚಿಕ್ಕ ಕಾರ್ಟ್ರಿಜ್‌ಗಳಲ್ಲಿ ಕೆಲವಕ್ಕೆ ಕಂಪನಿಯೇ ಕೊಡುವ ಲೆಕ್ಕ 120 ಪುಟ. ಟ್ಯಾಂಕ್ ಪ್ರಿಂಟರಿನ ಒಂದು ಕಪ್ಪು ಬಾಟಲಿಗೆ ಮಾದರಿ ನೋಡಿ 4500ರಿಂದ 7500 ಪುಟ ಅನ್ನುತ್ತಾರೆ. ಈ ಲೆಕ್ಕ ಹಾಕುವುದು ನಿಗದಿಯಾದ ಮಾದರಿ ಪುಟಗಳ ಮೇಲೆ. ಮಗಳ ಪ್ರಾಜೆಕ್ಟಿನ ಹಾಗೆ ಪುಟದ ತುಂಬಾ ಚಿತ್ರ ಇದ್ದರೆ ಅಷ್ಟು ಬರುವುದಿಲ್ಲ. ಮೊದಲ ಸಲ ಟ್ಯಾಂಕ್ ತುಂಬಿಸಿದಾಗ ಸ್ವಲ್ಪ ಇಂಕ್ ಒಳಗಿನ ಕೊಳವೆಗಳನ್ನು ತುಂಬುವುದಕ್ಕೇ ಹೋಗುತ್ತದೆ. ಟ್ಯಾಂಕ್ ಬೇಗ ಇಳಿಯಿತಲ್ಲ ಅಂತ ಗಾಬರಿ ಬೇಡ. ಎರಡನೇ ಸಲದಿಂದ ಸರಿಯಾದ ಲೆಕ್ಕ ಸಿಗುತ್ತದೆ.

ಟ್ಯಾಂಕಿನ ಪ್ರಿಂಟರ್ ಮೊದಲು ಮಾರುಕಟ್ಟೆಗೆ ಬಂದಿದ್ದು 2010ರಲ್ಲಿ, ಇಂಡೊನೇಷ್ಯಾದಲ್ಲಿ. ಎಪ್ಸನ್ ತಂದಿದ್ದು. ಅಲ್ಲಿನ ಜನ ಕಾರ್ಟ್ರಿಜ್ ಬೆಲೆ ತಾಳಲಾರದೆ ಪ್ರಿಂಟರಿನ ಪಕ್ಕದಲ್ಲಿ ತಾವೇ ಡಬ್ಬಿ ಇಟ್ಟು, ಪೈಪ್ ಎಳೆದು ಇಂಕ್ ಹರಿಸಿಕೊಳ್ಳುತ್ತಿದ್ದರು. ನಮ್ಮ ಕಡೆಯ ಸ್ಟುಡಿಯೋಗಳಲ್ಲೂ ಆ ಪೈಪಿನ ಪ್ರಿಂಟರ್ ನೀವು ನೋಡಿರಬಹುದು.

ಇನ್ನು ಕೆಲಸದ ವಿಷಯ. ಅಡಿಕೆ ತೋಟದ ಮನೆಗೆ ಪ್ರಿಂಟರ್ ಯಾಕೆ ಅಂತ ಕೇಳಿದವರು ಇದ್ದಾರೆ. ಪಹಣಿ ಈಗ ಸರ್ಕಾರದ ‘ಭೂಮಿ’ ವೆಬ್‌ಸೈಟಿನಲ್ಲಿ ಸಿಗುತ್ತದೆ. ಬೆಳೆ ವಿಮೆಗೆ ಪಹಣಿ, ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ ಬೇಕು. ಎಲೆಚುಕ್ಕಿ ರೋಗಕ್ಕೆ ಔಷಧಿ ತರಲು ಅರ್ಜಿ ಕೊಡುವಾಗಲೂ ಇವೇ ಕಾಗದ. ನಾನು ನಮ್ಮ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತೇನೆ, ಅದರ ನಡಾವಳಿ ಮತ್ತು ಸಾಲದ ಅರ್ಜಿಗಳು ಇರುತ್ತವೆ. ಮಗಳು ಹತ್ತನೇ ತರಗತಿ. ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯವರು ಮಾದರಿ ಪ್ರಶ್ನೆಪತ್ರಿಕೆಗಳನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಅವನ್ನು ಫೋನಿನಲ್ಲಿ ನೋಡಿ ಓದುವುದು ಬೇರೆ, ಕಾಗದದ ಮೇಲೆ ಪೆನ್ನು ಹಿಡಿದು ಕೂರುವುದು ಬೇರೆ, ಅಲ್ವಾ?

ಮೊದಲು ಇದಕ್ಕೆಲ್ಲ ಪೇಟೆಗೇ ಹೋಗಬೇಕಿತ್ತು. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪಿಗೆ 2ರಿಂದ 3 ರೂಪಾಯಿ, ಕಲರ್‌ಗೆ 10 ರೂಪಾಯಿ. ಮನೆಯಲ್ಲಿ ಕಪ್ಪು ಪುಟವೊಂದಕ್ಕೆ ಇಂಕ್ ಮತ್ತು ಕಾಗದ ಸೇರಿ ಒಂದು ರೂಪಾಯಿ ದಾಟುವುದಿಲ್ಲ. ಆದರೂ ದುಡ್ಡು ಉಳಿಸಲಿಕ್ಕೆ ಅಂತಲೇ ಪ್ರಿಂಟರ್ ತರುವವರಿಗೆ ನಾನು ಹೌದು ಅನ್ನುವುದಿಲ್ಲ. ಹಾಕಿದ ಹಣ ಹಾಗೆ ವಾಪಸ್ ಬರಲು ವರ್ಷಗಟ್ಟಲೆ ಬೇಕು. ಉಳಿಯುವುದು ಅರ್ಧ ದಿನ. ಬಸ್ಸಿಗೆ ಕಾದು, ಪೇಟೆಗೆ ಹೋಗಿ, ಅಲ್ಲಿ ಕರೆಂಟ್ ಇಲ್ಲ ಅಂತ ತಿಳಿದು, ಹೋಟೆಲಿನಲ್ಲಿ ಕೂತು ಕಾಯುವ ಆ ಅರ್ಧ ದಿನ.

ಇನ್ನೊಂದು ಲಾಭ ನನಗೆ ಹಣಕ್ಕಿಂತ ದೊಡ್ಡದು. ಅಂಗಡಿಯಲ್ಲಿ ಪ್ರಿಂಟ್ ತೆಗೆಸಬೇಕಾದರೆ ಅವರ ವಾಟ್ಸಾಪಿಗೆ ಫೈಲ್ ಕಳಿಸಬೇಕು. ಆಧಾರ್, ಪಾನ್, ಪಾಸ್‌ಬುಕ್, ಎಲ್ಲವೂ ಯಾರದೋ ಫೋನಿನಲ್ಲಿ, ಯಾವುದೋ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ ಉಳಿಯುತ್ತವೆ. ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇದೆ, ಸರಿ. ಆದರೆ ಅದು ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಅದನ್ನೂ ಅಂಗಡಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಹೇಳುತ್ತೇವೆ. ಸಂಘದ ಹೆಂಗಸರ ಕಾಗದಗಳು ನನ್ನ ಕೈಯಲ್ಲಿ ಇರುತ್ತವೆ. ಅವನ್ನು ಹಾಗೆ ಬೀದಿಗೆ ಬಿಡುವುದು ನನಗೆ ಮೊದಲಿನಿಂದಲೂ ಸರಿ ಕಾಣುತ್ತಿರಲಿಲ್ಲ. ಈಗ ಆ ಚಿಂತೆ ಇಲ್ಲ.

ಪ್ರಿಂಟರ್ ಅಂತ ಕರೆದರೂ ನಮ್ಮಲ್ಲಿ ಜಾಸ್ತಿ ದುಡಿಯುವುದು ಮೇಲಿನ ಸ್ಕ್ಯಾನರ್ ಗಾಜು. ಐಡಿ ಕಾಪಿ ಅನ್ನುವ ಗುಂಡಿ ಇರುವ ಮಾದರಿಯನ್ನೇ ತಗೊಳ್ಳಿ. ಆಧಾರ್ ಕಾರ್ಡಿನ ಮುಂದಿನ ಬದಿ ಇಟ್ಟು ಒತ್ತಿ, ತಿರುಗಿಸಿ ಇನ್ನೊಮ್ಮೆ ಒತ್ತಿದರೆ ಎರಡೂ ಬದಿ ಒಂದೇ ಹಾಳೆಗೆ ಬರುತ್ತವೆ. ಕಾರ್ಡನ್ನು ಗಾಜಿನ ಅಂಚಿಗೆ ತಾಗಿಸಿ ಇಡಬೇಡಿ, ಸ್ವಲ್ಪ ಒಳಗೆ ಇಡಿ. ಅಂಚಿನ ಕೆಲವು ಮಿಲಿಮೀಟರ್ ಕಾಪಿಯಲ್ಲಿ ಬರುವುದಿಲ್ಲ, ಕಾರ್ಡಿನ ಒಂದು ಸಾಲು ಕತ್ತರಿಸಿ ಹೋಗುತ್ತದೆ.

ಆನ್‌ಲೈನ್ ಅರ್ಜಿಗಳಲ್ಲಿ ಫೈಲ್ ಇಷ್ಟೇ ಕೆಬಿ ಒಳಗಿರಬೇಕು ಅಂತ ಇರುತ್ತದಲ್ಲ, ಅದಕ್ಕೆ 100 ಅಥವಾ 150 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಸಾಕು. ಮನೆಯಲ್ಲಿ ಇಟ್ಟುಕೊಳ್ಳುವ ಪ್ರತಿಗೆ 300 ಇಡಿ. 600ಕ್ಕೆ ಹಾಕಿದರೆ ಫೈಲ್ ಊದಿಕೊಳ್ಳುತ್ತದೆ ಅಷ್ಟೇ, ಸಾಮಾನ್ಯ ಕಾಗದಕ್ಕೆ ಏನೂ ಪ್ರಯೋಜನ ಇಲ್ಲ.

ಸ್ಕ್ಯಾನರಿನ ಎರಡು ಮಿತಿಗಳನ್ನು ಅಂಗಡಿಯವರು ಹೇಳುವುದಿಲ್ಲ. ಗಾಜು ಎ4 ಅಳತೆಯದು, ಅಂದರೆ ಉದ್ದ 297 ಮಿಲಿಮೀಟರ್. ಹಳೆಯ ಛಾಪಾ ಕಾಗದದ ಕ್ರಯಪತ್ರಗಳು ಅದಕ್ಕಿಂತ ಉದ್ದ. ಮಾವನವರ ಕಾಲದ ಪತ್ರಗಳನ್ನು ನಾವು ಮೇಲರ್ಧ, ಕೆಳಗರ್ಧ ಅಂತ ಎರಡು ಸಲ ಸ್ಕ್ಯಾನ್ ಮಾಡಿ ಇಟ್ಟಿದ್ದೇವೆ. ಎರಡನೆಯದು ಪುಸ್ತಕದ್ದು. ಇಂಥ ತೆಳುವಾದ ಪ್ರಿಂಟರುಗಳಲ್ಲಿ ಇರುವ ಸ್ಕ್ಯಾನರ್ ಗಾಜಿಗೆ ಅಂಟಿಕೊಂಡಿದ್ದನ್ನು ಮಾತ್ರ ಚೊಕ್ಕವಾಗಿ ನೋಡಬಲ್ಲದು. ದಪ್ಪ ಪುಸ್ತಕವನ್ನು ಬೋರಲು ಹಾಕಿದರೆ ನಡುವಿನ ಹೊಲಿಗೆಯ ಹತ್ತಿರ ಕಾಗದ ಮೇಲೆ ಎದ್ದಿರುತ್ತದೆ. ಅಲ್ಲಿನ ಅಕ್ಷರ ಮೊದಲು ಮಸುಕಾಗುತ್ತದೆ, ಆಮೇಲೆ ಕಪ್ಪು ಪಟ್ಟಿಯಾಗುತ್ತದೆ. ಮುಚ್ಚಳವನ್ನು ಒತ್ತಿ ಹಿಡಿದರೆ ಸ್ವಲ್ಪ ಸರಿಹೋಗುತ್ತದೆ. ಹಳೆಯ ಪುಸ್ತಕದ ಬೆನ್ನು ಮುರಿಯುವಷ್ಟು ಒತ್ತಬೇಡಿ, ಅಂಥದ್ದಕ್ಕೆ ಫೋನಿನ ಕ್ಯಾಮೆರಾನೇ ವಾಸಿ.

ಕನ್ನಡ ಹೇಗೆ ಬರುತ್ತದೆ ಅಂತ ಯಾವ ವಿಮರ್ಶೆಯಲ್ಲೂ ಯಾರೂ ಬರೆದಿರಲಿಲ್ಲ, ಅದಕ್ಕೆ ನಾನೇ ಬರೆಯುತ್ತೇನೆ. ಇಂಕ್ ಉಳಿಸುವ ಡ್ರಾಫ್ಟ್ ಮೋಡ್ ಇದೆಯಲ್ಲ, ಇಂಗ್ಲಿಷಿಗೆ ಅದು ಧಾರಾಳವಾಗಿ ಸಾಕು. ಕನ್ನಡಕ್ಕೆ ಸಾಲದು. ಹತ್ತರ ಅಳತೆಯ ಅಕ್ಷರದಲ್ಲಿ ‘ಸ್ತ್ರೀಶಕ್ತಿ’ ಅಂತ ಪ್ರಿಂಟ್ ಮಾಡಿ ಹತ್ತಿರ ಹಿಡಿದು ನೋಡಿ. ‘ಸ್ತ್ರೀ’ಯ ಕೆಳಗೆ ತ ಒತ್ತೂ ರ ಒತ್ತೂ ಸೇರಿ ಒಂದೇ ಬೂದು ಚುಕ್ಕೆ. ‘ಸೂರ್ಯ’ ಅಂತ ಬರೆದರೆ ಅರ್ಕಾವೊತ್ತಿನ ಬಾಲ ಅರ್ಧಕ್ಕೆ ನಿಂತಿರುತ್ತದೆ. ದೀರ್ಘದ ಕೊಂಬೋ ಸುತ್ತೋ ಅನ್ನುವುದನ್ನು ಊಹಿಸಿ ಓದಬೇಕು. ನಾರ್ಮಲ್ ಮೋಡಿಗೆ ಹಾಕಿದ ಕೂಡಲೇ ಎಲ್ಲ ಸರಿಯಾಗುತ್ತದೆ, ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಅಕ್ಷರವನ್ನು ಹನ್ನೆರಡಕ್ಕೆ ಏರಿಸಿದರೆ ಅತ್ತೆಯವರೂ ಕನ್ನಡಕ ಹುಡುಕದೆ ಓದುತ್ತಾರೆ. ಒಟ್ಟಿನಲ್ಲಿ ಕನ್ನಡಕ್ಕೆ ಡ್ರಾಫ್ಟ್ ಬೇಡ. ಉಳಿಯುವ ಇಂಕ್ ಅಷ್ಟರಲ್ಲೇ ಇದೆ.

‘ನುಡಿ’ ಅಥವಾ ‘ಬರಹ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲುಗಳು ಇನ್ನೂ ಓಡಾಡುತ್ತಿವೆ. ಸಂಘದ ಎಷ್ಟೋ ನಮೂನೆಗಳು ಹಾಗೇ ಇವೆ. ಫೋನಿನಿಂದ ನೇರ ಪ್ರಿಂಟ್ ಕೊಟ್ಟರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಅದು ಪ್ರಿಂಟರಿನ ದೋಷ ಅಲ್ಲ, ಫೋನಿನಲ್ಲಿ ಆ ಫಾಂಟ್ ಇಲ್ಲ ಅಷ್ಟೇ. ಕಳಿಸುವವರಿಗೆ ಪಿಡಿಎಫ್ ಮಾಡಿ ಕಳಿಸಿ ಅನ್ನಿ, ಫಾಂಟ್ ಅದರೊಳಗೇ ಸೇರಿಕೊಂಡು ಬರುತ್ತದೆ.

ಮಳೆಗಾಲಕ್ಕೆ ಬರೋಣ. ನಮ್ಮ ಪ್ರಿಂಟರಿನಲ್ಲಿ ಕಾಗದವನ್ನು ಹಿಂಬದಿಯಲ್ಲಿ ನೆಟ್ಟಗೆ ನಿಲ್ಲಿಸಬೇಕು. ಜುಲೈನಲ್ಲಿ ಒಂದು ರಾತ್ರಿ ಅಲ್ಲೇ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಹಾಳೆ ಗಾಳಿಗಿಟ್ಟ ಹಪ್ಪಳದ ಹಾಗೆ ಮೆತ್ತಗಾಗಿ ಮುಂದಕ್ಕೆ ಬಾಗಿರುತ್ತದೆ. ಅಂಥ ಹಾಳೆ ಎರಡೆರಡು ಒಟ್ಟಿಗೆ ಒಳಗೆ ಹೋಗುತ್ತದೆ, ಇಲ್ಲವೇ ಓರೆಯಾಗಿ ಹೋಗಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿದ ಹಾಳೆಯನ್ನು ಹಿಂದಿನಿಂದ ಜಗ್ಗಬೇಡಿ, ಅದು ಹೋಗುತ್ತಿದ್ದ ದಿಕ್ಕಿಗೇ ಎರಡೂ ಕೈಯಿಂದ ನಿಧಾನ ಎಳೆಯಿರಿ. ಹರಿದು ಒಂದು ಚೂರು ಒಳಗೆ ಉಳಿದರೂ ಮುಂದಿನ ಹಾಳೆಗಳೆಲ್ಲ ಅಲ್ಲೇ ನಿಲ್ಲುತ್ತವೆ.

ನಾವು ಮಾಡಿಕೊಂಡ ವ್ಯವಸ್ಥೆ ಹೀಗಿದೆ. ಐನೂರು ಹಾಳೆಯ ಕಟ್ಟನ್ನು ಬಿಚ್ಚಿದ ಮೇಲೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಲಗಿಸಿ ಇಡುತ್ತೇವೆ. ಬೇಕಾದಷ್ಟನ್ನೇ ತೆಗೆದು ಟ್ರೇಗೆ ಹಾಕುತ್ತೇವೆ, ಮುಗಿದ ಮೇಲೆ ವಾಪಸ್ ಡಬ್ಬಿಗೆ. ಕಾಗದದ ತೂಕವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ. 70 ಜಿಎಸ್‌ಎಂ ಕಾಗದ ಅಗ್ಗ, ಆದರೆ ಮಳೆಯಲ್ಲಿ ಬೇಗ ಸೋಲುತ್ತದೆ. 80ರದ್ದು ತಡೆಯುತ್ತದೆ. ಪ್ರಿಂಟರಿನ ಮೇಲೆ ಯಾವಾಗಲೂ ಒಂದು ಹತ್ತಿಬಟ್ಟೆ ಹೊದಿಸಿರುತ್ತೇವೆ. ಧೂಳಿಗಿಂತ ಜಾಸ್ತಿ ಇರುವೆ, ಜಿರಲೆ, ಹಲ್ಲಿಮರಿಗಳ ಭಯಕ್ಕೆ. ಮಳೆಯಲ್ಲಿ ಬೆಚ್ಚಗಿನ ಜಾಗ ಕಂಡರೆ ಅವು ಬಿಡುವುದಿಲ್ಲ.

ಇಂಕಿನ ಗುಣ ಕೂಡ ಮಳೆಯಲ್ಲೇ ಗೊತ್ತಾಗುವುದು. ಇಂಕಿನಲ್ಲಿ ಎರಡು ಜಾತಿ. ಡೈ ಇಂಕ್ ನೀರಿನಲ್ಲಿ ಪೂರ್ತಿ ಕರಗಿದ ಬಣ್ಣ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣದ ಸಣ್ಣ ಸಣ್ಣ ಕಣಗಳು ತೇಲುತ್ತಿರುತ್ತವೆ, ಅವು ಕಾಗದದ ಮೇಲೆ ಕೂತು ಒಣಗಿದರೆ ನೀರಿಗೆ ಸುಲಭಕ್ಕೆ ಜಗ್ಗುವುದಿಲ್ಲ. ನಮ್ಮದರಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಮೂರು ಡೈ. ಮಗಳ ವಿಜ್ಞಾನದ ಪ್ರಾಜೆಕ್ಟ್ ಬ್ಯಾಗಿನೊಳಗೆ ಸ್ವಲ್ಪ ನೆನೆದಾಗ ಹೃದಯದ ಚಿತ್ರದ ಕೆಂಪು-ನೀಲಿ ಒಂದಾಗಿ ಹರಿದಿತ್ತು. ಪಕ್ಕದ ಕಪ್ಪು ಅಕ್ಷರಗಳು ಹಾಗೇ ಇದ್ದವು. ಕೆಲವು ಮಾದರಿಗಳಲ್ಲಿ ಕಪ್ಪೂ ಡೈ ಇರುತ್ತದೆ. ಕಚೇರಿಗೆ ಕೊಡುವ ಕಾಗದ ಜಾಸ್ತಿ ಇದ್ದವರು ಇದನ್ನು ಅಂಗಡಿಯಲ್ಲೇ ಕೇಳಿ. ಉತ್ತರ ಸಿಗದಿದ್ದರೆ ಒಂದು ಪುಟ ಪ್ರಿಂಟ್ ಮಾಡಿಸಿ, ಎರಡು ನಿಮಿಷ ಬಿಟ್ಟು ಒದ್ದೆ ಬೆರಳಿನಿಂದ ಉಜ್ಜಿ ನೋಡಿ.

ಕರೆಂಟಿನ ಲೆಕ್ಕದಲ್ಲಿ ಇಂಕ್‌ಜೆಟ್ಟಿಗೆ ನೂರಕ್ಕೆ ನೂರು. ಪ್ರಿಂಟ್ ಮಾಡುವಾಗ ಹದಿನೈದು ವಾಟ್ ಆಸುಪಾಸು ಎಳೆಯುತ್ತದೆ, ಅಂದರೆ ಒಂದು ಎಲ್‌ಇಡಿ ಬಲ್ಬಿನಷ್ಟು. ಮನೆಯ ಯುಪಿಎಸ್ ಮೇಲೆ ಆರಾಮಾಗಿ ಓಡುತ್ತದೆ. ಲೇಸರ್ ಪ್ರಿಂಟರ್ ಹಾಗಲ್ಲ. ಅದು ಪುಡಿಯನ್ನು ಬಿಸಿ ರೋಲರಿನಿಂದ ಕಾಗದಕ್ಕೆ ಅಂಟಿಸುತ್ತದೆ, ಆ ರೋಲರ್ ಕಾಯುವಾಗ ಒಮ್ಮೆಲೇ ನೂರಾರು ವಾಟ್ ಬೇಕು. ಸಣ್ಣ ಯುಪಿಎಸ್ ಅಲ್ಲೇ ಕೂಗಿಕೊಳ್ಳುತ್ತದೆ. ಆದರೆ ಲೇಸರಿಗೆ ಒಂದು ದೊಡ್ಡ ಗುಣ ಇದೆ: ಒಣಗುವ ಇಂಕ್ ಅದರಲ್ಲಿಲ್ಲ. ತಿಂಗಳುಗಟ್ಟಲೆ ಮುಟ್ಟದೆ ಇಟ್ಟರೂ ಮೊದಲ ಪುಟ ಚೊಕ್ಕ ಬರುತ್ತದೆ. ಬಣ್ಣ ಬೇಡ, ಕರೆಂಟಿನ ತೊಂದರೆ ಇಲ್ಲ, ಅಪರೂಪಕ್ಕೆ ಪ್ರಿಂಟ್ ಅನ್ನುವವರು ಕಪ್ಪು-ಬಿಳುಪಿನ ಲೇಸರ್ ನೋಡುವುದೇ ಒಳ್ಳೆಯದು.

ಈ ಒಣಗುವ ವಿಷಯವೇ ನನ್ನ ದೊಡ್ಡ ತಕರಾರು. ಇಂಕ್ ಹೊರಬರುವ ಭಾಗಕ್ಕೆ ಹೆಡ್ ಅನ್ನುತ್ತಾರೆ, ಅದರ ರಂಧ್ರಗಳು ಕೂದಲಿಗಿಂತ ಸಣ್ಣವು. ಕೆಲವು ಕಂಪನಿಗಳ ಪ್ರಿಂಟರಿನಲ್ಲಿ ಇಂಕನ್ನು ಕ್ಷಣಮಾತ್ರ ಕಾಯಿಸಿ, ಗುಳ್ಳೆ ಎಬ್ಬಿಸಿ ಹನಿಯನ್ನು ಹೊರಗೆ ತಳ್ಳುತ್ತಾರೆ. ಎಪ್ಸನ್ ಮತ್ತು ಬ್ರದರ್‌ನವರು ಕರೆಂಟ್ ಕೊಟ್ಟರೆ ಬಾಗುವ ಸಣ್ಣ ತುಣುಕಿನಿಂದ ತಳ್ಳುತ್ತಾರೆ. ಯಾವುದಾದರೂ ಸರಿ, ರಂಧ್ರದ ಬಾಯಲ್ಲಿ ಇಂಕ್ ಒಣಗಿದರೆ ಕೆಲಸ ನಿಂತಿತು. ಅತ್ತೆಯವರ ಆಪರೇಷನ್ನಿಗೆ ಬೇಸಿಗೆಯಲ್ಲಿ ನಾವೆಲ್ಲ ಬೆಂಗಳೂರಿನಲ್ಲಿ ಇರಬೇಕಾಯಿತು. ವಾಪಸ್ ಬಂದು ಪ್ರಿಂಟ್ ಕೊಟ್ಟರೆ ಹಸಿರು ಇರಬೇಕಾದಲ್ಲಿ ಬರೀ ಹಳದಿ. ನಾಝಲ್ ಚೆಕ್ ಅಂತ ಒಂದು ಪರೀಕ್ಷೆ ಇದೆ, ನಾಲ್ಕು ಬಣ್ಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಗೆರೆಗಳು ಬರುತ್ತವೆ. ಕಪ್ಪು, ಗುಲಾಬಿ, ಹಳದಿ ಸಾಲುಗಳು ಪೂರ್ತಿ ಇದ್ದವು. ನೀಲಿಯ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಗೆರೆ, ಉಳಿದದ್ದು ಖಾಲಿ ಕಾಗದ.

ಕಂಪನಿಯ ಸರ್ವಿಸ್ ಸೆಂಟರ್ ಇರುವುದು ಶಿವಮೊಗ್ಗದಲ್ಲಿ, ಅಂದರೆ ಹೆಚ್ಚುಕಡಿಮೆ 60 ಕಿಲೋಮೀಟರ್. ಫೋನ್ ಮಾಡಿದರೆ ಮೊದಲು ಯಾರೂ ಎತ್ತಲಿಲ್ಲ. ಎತ್ತಿದವರು ಹೆಡ್ ಬದಲಿಸಬೇಕಾಗುತ್ತದೆ ಅಂದುಬಿಟ್ಟರು, ಏನು ಎತ್ತ ಅಂತ ಒಂದು ಪ್ರಶ್ನೆಯನ್ನೂ ಕೇಳದೆ. ನನಗೆ ಸಿಟ್ಟು ಬಂದಿದ್ದು ಅದಕ್ಕೇ. ಹೆಡ್ ಕ್ಲೀನಿಂಗ್ ಎರಡು ಸಲ ಮಾಡಿ, ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಇನ್ನೊಮ್ಮೆ ಮಾಡಿದೆ. ಒಳಗೆ ಇಳಿದ ಹೊಸ ಇಂಕ್ ಒಣಗಿದ್ದನ್ನು ರಾತ್ರಿಯಿಡೀ ನೆನೆಸಿರುತ್ತದೆ, ಅದಕ್ಕೇ ಈ ಬಿಡುವು. ಮುಕ್ಕಾಲು ಗೆರೆ ಬಂತು. ಪುಟದ ತುಂಬಾ ನೀಲಿ ಇರುವ ಒಂದು ಹಾಳೆ ಪ್ರಿಂಟ್ ಮಾಡಿದ ಮೇಲೆ ಪೂರ್ತಿ ಬಂತು. ಕ್ಲೀನಿಂಗನ್ನು ಬೆನ್ನುಬೆನ್ನಿಗೆ ಹತ್ತಾರು ಸಲ ಒತ್ತಬೇಡಿ. ಪ್ರತಿ ಸಲವೂ ಇಂಕ್ ಖರ್ಚಾಗುತ್ತದೆ, ಆ ಇಂಕ್ ಒಳಗಿನ ಒಂದು ಸ್ಪಂಜಿಗೆ ಹೋಗಿ ಸೇರುತ್ತದೆ. ಸ್ಪಂಜು ತುಂಬಿತು ಅಂತ ಲೆಕ್ಕ ಆದರೆ ಪ್ರಿಂಟರ್ ತಾನೇ ನಿಂತುಬಿಡುತ್ತದೆ. ಕೆಲವು ಮಾದರಿಗಳಲ್ಲಿ ಆ ಸ್ಪಂಜಿನ ಡಬ್ಬಿಯನ್ನು ನಾವೇ ಬದಲಿಸಬಹುದು. ಎರಡು ಮಾದರಿಗಳ ನಡುವೆ ಯಾವುದು ಅಂತ ಯೋಚಿಸುತ್ತಿದ್ದರೆ ಹಾಗೆ ಬದಲಿಸುವ ಡಬ್ಬಿ ಇರುವುದನ್ನೇ ತಗೊಳ್ಳಿ.

ಅದಾದ ಮೇಲೆ ಮನೆಯಲ್ಲಿ ಒಂದು ರೂಢಿ ಆಗಿದೆ. ಭಾನುವಾರ ಮಗಳು ನಾಲ್ಕೂ ಬಣ್ಣ ಇರುವ ಏನಾದರೂ ಒಂದು ಪುಟ ಪ್ರಿಂಟ್ ಮಾಡುತ್ತಾಳೆ. ಇನ್ನೊಂದು, ಪ್ರಿಂಟರನ್ನು ಅದರ ಗುಂಡಿಯಿಂದಲೇ ಆಫ್ ಮಾಡಬೇಕು. ಗುಂಡಿ ಒತ್ತಿದಾಗ ಹೆಡ್ ತನ್ನ ಜಾಗಕ್ಕೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಅರ್ಧ ದಾರಿಯಲ್ಲಿ ಬಾಯಿ ತೆರೆದುಕೊಂಡೇ ಇರಬಹುದು. ನಮ್ಮಲ್ಲಿ ಯುಪಿಎಸ್ ಇರುವ ಸಾಕೆಟ್ಟಿಗೇ ಹಾಕಿರುವುದು ಇದಕ್ಕೂ ಸೇರಿ.

ವೈಫೈ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂಥ ಸಣ್ಣ ಪ್ರಿಂಟರುಗಳಲ್ಲಿ ಬಹಳಷ್ಟು 2.4 ಗಿಗಾಹರ್ಟ್ಜ್ ವೈಫೈಗೆ ಮಾತ್ರ ಸೇರುತ್ತವೆ. ಫೋನ್ 5ರಲ್ಲಿ ಇದ್ದರೆ ಜೋಡಿಸುವಾಗ ಸತಾಯಿಸುತ್ತದೆ. ಕರೆಂಟ್ ಹೋಗಿ ಬಂದಾಗ ರೂಟರ್ ಏಳುವ ಮೊದಲೇ ಪ್ರಿಂಟರ್ ಎದ್ದು, ಆಮೇಲೆ ಆಫ್‌ಲೈನ್ ಅಂತ ಕೂರುವುದೂ ಇದೆ. ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿ. ಯುಎಸ್‌ಬಿ ವೈರ್ ಬಿಸಾಡಬೇಡಿ, ಕೈ ಕೊಡದಿರುವುದು ಅದೊಂದೇ. ಆದರೆ ಡಿಸ್‌ಪ್ಲೇ ಇಲ್ಲದಿರುವುದು ನನಗೆ ನಿಜವಾಗಲೂ ಬೇಸರ. ಕಾಗದ ಮುಗಿದರೂ ದೀಪ ಮಿನುಗುತ್ತದೆ, ಕಾಗದ ಸಿಕ್ಕಿದರೂ ಮಿನುಗುತ್ತದೆ. ಯಾವುದು ಯಾವುದಕ್ಕೆ ಅಂತ ಮಗಳು ಕನ್ನಡದಲ್ಲಿ ಬರೆದು ಪಕ್ಕದ ಗೋಡೆಗೆ ಅಂಟಿಸಿದ್ದಾಳೆ. ಅದರ ಪುಸ್ತಕದಲ್ಲಿ ಕನ್ನಡ ಇಲ್ಲ. ನಮ್ಮ ಊರುಗಳಲ್ಲಿ ಮಾರುವ ಸಾಮಾನಿಗೆ ಒಂದು ಪುಟ ಕನ್ನಡ ಹಾಕುವುದು ಕಷ್ಟದ ಕೆಲಸವೇನಲ್ಲ, ಹಾಕಲೇಬೇಕು.

ಎರಡೂ ಬದಿ ಪ್ರಿಂಟ್ ಮಾಡುವುದು ಇದರಲ್ಲಿ ತಾನಾಗಿ ಆಗುವುದಿಲ್ಲ. ಮೊದಲು ಬೆಸ ಪುಟಗಳನ್ನು ತೆಗೆದು, ಕಟ್ಟನ್ನು ತಿರುಗಿಸಿ ಹಾಕಿ ಸಮ ಪುಟ ಕೊಡಬೇಕು. ಪ್ರಶ್ನೆಪತ್ರಿಕೆಗಳಿಗೆ ನಾವು ಹೀಗೇ ಮಾಡುತ್ತೇವೆ, ಕಾಗದ ಅರ್ಧ ಉಳಿಯುತ್ತದೆ. ಫೋಟೋ ಚೆನ್ನಾಗಿ ಬರುತ್ತದೆ. 4 ಇಂಚು 6 ಇಂಚಿನ ಫೋಟೋ ಕಾಗದದಲ್ಲಿ ಎಂಟು ಪಾಸ್‌ಪೋರ್ಟ್ ಫೋಟೋ ಹಿಡಿಸುತ್ತವೆ. ಮುಟ್ಟುವ ಮೊದಲು ಒಣಗಲು ಬಿಡಿ.

ತಗೊಳ್ಳುವವರಿಗೆ ಕೊನೆಯದಾಗಿ ಒಂದು. ಪ್ರಿಂಟರ್ ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಅಗ್ಗ ಸಿಗಬಹುದು. ಅದಕ್ಕೆ ಮೊದಲು ನಿಮ್ಮ ಪೇಟೆಯ ಅಂಗಡಿಗೆ ಹೋಗಿ, ಆ ಮಾದರಿಯ ನಾಲ್ಕೂ ಬಣ್ಣದ ಒರಿಜಿನಲ್ ಬಾಟಲಿ ಅಲ್ಲಿ ಇದೆಯಾ ಅಂತ ಕೇಳಿ. ವಾರಂಟಿ ವರ್ಷದ ಲೆಕ್ಕವೋ ಪುಟದ ಲೆಕ್ಕವೋ, ಎರಡೂ ಇದ್ದರೆ ಯಾವುದು ಮೊದಲು ಮುಗಿದರೂ ಮುಗಿಯಿತಾ ಅಂತಲೂ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಮನೆಗೆ ಬಂದ ದಿನವೇ ಆ ಬಿಲ್ಲನ್ನು ಸ್ಕ್ಯಾನ್ ಮಾಡಿ ಇಡಿ. ಅಂಗಡಿ ಬಿಲ್ಲಿನ ಅಕ್ಷರ ಒಂದೇ ಮಳೆಗಾಲಕ್ಕೆ ಮಾಸಿಹೋಗುತ್ತದೆ.